ಸ್ವರಮೇಳವೂ ಕಿವಿಯ ಶಿಕ್ಷಣವೂ

ಹೊರನಾಡಿನ ಕನ್ನಡ ಮನೆಗಳಲ್ಲಿ ಸಂಗೀತಶಿಕ್ಷಣದ ರೂಪವು ಮೆಲ್ಲಮೆಲ್ಲನೆ ಬದಲಾಗುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಸಂಜೆಯ ದೀಪ ಹಚ್ಚಿದೊಡನೆ ಸರಳೆವರಸೆಯೋ ದಾಸರ ಪದವೋ ಕೇಳಿಬರುತ್ತಿದ್ದ ಮುಂಬಯಿ, ಪುಣೆ, ಚೆನ್ನೈಗಳ ಮನೆಗಳಲ್ಲಿ ಇಂದು ಕೀಬೋರ್ಡು, ಗಿಟಾರು, ಪಿಯಾನೊಗಳೂ ಪಾಶ್ಚಾತ್ಯ ಪದ್ಧತಿಯ ಪಿಟೀಲೂ ಸೇರಿಕೊಂಡಿವೆ. ಇದರಲ್ಲಿ ವ್ಯಸನಪಡತಕ್ಕದ್ದೇನೂ ಇಲ್ಲ. ವಿದ್ಯೆ ಯಾವ ದಿಕ್ಕಿನಿಂದ ಬಂದರೂ ವಿದ್ಯೆಯೇ. ಆದರೆ ಈ ಮಕ್ಕಳಲ್ಲಿ ಅನೇಕರು ಎರಡು ಮೂರು ವರ್ಷ ಕಲಿತ ಮೇಲೆ ಒಂದು ಗೋಡೆಯ ಮುಂದೆ ಬಂದು ನಿಲ್ಲುತ್ತಾರೆ. ಆ ಗೋಡೆಯ ಹೆಸರು ಹಾರ್ಮನಿ.

ಹಾರ್ಮನಿಯ ಪುಸ್ತಕವನ್ನು ತೆರೆದರೆ ಕಾಣುವುದು ರೋಮನ್ ಅಂಕಿಗಳು. ಇದನ್ನು ಮಾಡಬೇಕು, ಅದನ್ನು ಮಾಡಬಾರದು ಎಂಬ ವಿಧಿನಿಷೇಧಗಳು. ವಿದ್ಯಾರ್ಥಿಯು ಅವನ್ನು ವ್ಯಾಕರಣಸೂತ್ರಗಳಂತೆ ಬಾಯಿಪಾಠ ಮಾಡುತ್ತಾನೆ, ಕಾಗದದ ಮೇಲೆ ತಪ್ಪಿಲ್ಲದೆ ಬರೆಯುತ್ತಾನೆ, ತೇರ್ಗಡೆಯೂ ಆಗುತ್ತಾನೆ. ಆದರೆ ಅವನು ಬರೆದುದನ್ನೇ ಇನ್ನೊಬ್ಬರು ಬಾರಿಸಿದರೆ ಅದು ತನ್ನದೆಂದು ಗುರುತಿಸಲಾರ. ಓದಲು ಬಂದು, ಕೇಳಿದರೆ ಅರ್ಥವಾಗದಿದ್ದರೆ ಆ ಭಾಷೆ ಬಂದಂತಾಯಿತೆ? ನಮ್ಮ ಅಭಿಪ್ರಾಯ ಇಷ್ಟು: ಹಾರ್ಮನಿಯು ಮೊದಲು ಕಿವಿಯ ವಿದ್ಯೆ, ಆಮೇಲೆ ಲೇಖನಿಯದು. ‘ಸರಿಗಮ’ ಹಾಡಿದ ಮನೆಯ ಮಗು ಆ ವಿದ್ಯೆಯ ಅರ್ಧ ದಾರಿಯನ್ನು ಆಗಲೇ ನಡೆದಿದೆ. ಉಳಿದರ್ಧ ಯಾವುದು, ಅದನ್ನು ನಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೂರು ಸ್ವರಗಳ ಗೊಂಚಲು

ಹಾರ್ಮನಿಯನ್ನು ನಾವು ಸ್ವರಮೇಳವೆಂದು ಕರೆಯೋಣ. ಇದು ನಮ್ಮ ಮೇಳಕರ್ತದ ಮೇಳವಲ್ಲ. ಏಕಕಾಲದಲ್ಲಿ ಧ್ವನಿಸುವ ಸ್ವರಗಳು ಪರಸ್ಪರ ಹೊಂದುವ ಸಂಬಂಧ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ, ಶ್ರುತಿಯೊಂದು ಮಾತ್ರ ಹಿನ್ನೆಲೆಯಲ್ಲಿ ಅಚಲವಾಗಿ ನಿಲ್ಲುತ್ತದೆ. ಯೂರೋಪಿನಲ್ಲಿ ಚರ್ಚಿನ ಗಾಯಕವೃಂದದವರು ಹಲವು ಧ್ವನಿಗಳನ್ನು ಒಟ್ಟಿಗೆ ಹಾಡುವ ಪದ್ಧತಿಯನ್ನು ಶತಮಾನಗಳ ಕಾಲ ಬೆಳೆಸಿದರು. ಧ್ವನಿಗಳು ಕೂಡಿದಲ್ಲಿ ಉಂಟಾಗುವ ಗೊಂಚಲುಗಳಿಗೆ ತಮ್ಮದೇ ಆದ ನಡೆಯಿದೆ ಎಂಬುದನ್ನು ಶಾಸ್ತ್ರರೂಪದಲ್ಲಿ ನಿರೂಪಿಸಿದವನು ಫ್ರಾನ್ಸಿನ ರಾಮೋ; ಅವನ ಹಾರ್ಮನಿ ಗ್ರಂಥವು ಪ್ರಕಟವಾದದ್ದು ೧೭೨೨ರಲ್ಲಿ. ಅಭ್ಯಾಸವು ಮೊದಲು, ಶಾಸ್ತ್ರವು ಅನಂತರ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಹಾಡಿದವರ ಕಿವಿ ಒಪ್ಪಿದುದನ್ನೇ ಶಾಸ್ತ್ರಕಾರನು ನಿಯಮವಾಗಿ ಬರೆದನು.

ಈ ವಿದ್ಯೆಯನ್ನು ಆರಂಭಿಸಲು ಪಿಯಾನೊ ಬೇಕೇಬೇಕೆಂದಿಲ್ಲ. ಭಜನೆಗೆಂದು ಮನೆಯಲ್ಲಿರಿಸಿದ ಹಾರ್ಮೋನಿಯಂ ಸಾಕು. ಬಿಳಿ ಒಂದನ್ನು ಷಡ್ಜವಾಗಿ ಇಟ್ಟುಕೊಂಡರೆ ಬಿಳಿ ಪಟ್ಟಿಗಳಷ್ಟರಿಂದಲೇ ಶಂಕರಾಭರಣದ ಸ್ವರಗಳು ದೊರೆಯುತ್ತವೆ. ಹಿಂದೂಸ್ಥಾನಿಯವರು ಅದನ್ನು ಬಿಲಾವಲ್ ಎನ್ನುತ್ತಾರೆ, ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುತ್ತಾರೆ. ಈಗ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ತಿದಿಯನ್ನು ಮೆಲ್ಲಗೆ ಎಳೆಯಿರಿ. ಕೇಳಿಬರುವ ತುಂಬಿದ ನಾದವೇ ಮೊದಲ ಸ್ವರಗುಚ್ಛ. ಹಾಗೆಯೇ ಮ, ಧ, ಮೇಲಿನ ಸ ಕೂಡಿದರೆ ಎರಡನೆಯದು. ಪ, ನಿ, ಮೇಲಿನ ರಿ ಕೂಡಿದರೆ ಮೂರನೆಯದು. ಪುಸ್ತಕದಲ್ಲಿ ಒಂದು, ನಾಲ್ಕು, ಐದು ಎಂಬ ರೋಮನ್ ಅಂಕಿಗಳಿಂದ ಸೂಚಿತವಾಗುವುದು ಇವೇ. ಪ್ರತಿಯೊಂದು ಗುಚ್ಛವೂ ಸಪ್ತಕದ ಎಷ್ಟನೆಯ ಸ್ವರದ ಮೇಲೆ ನಿಂತಿದೆ ಎಂಬುದೇ ಆ ಅಂಕಿಯ ಅರ್ಥ. ಈ ಮೂರು ಗೊಂಚಲುಗಳನ್ನು ಬಿಡಿಸಿ ನೋಡಿದರೆ ಏಳು ಸ್ವರಗಳೂ ಅವುಗಳೊಳಗೆ ಅಡಗಿವೆ. ಸರಳವಾದ ಎಷ್ಟೋ ಹಾಡುಗಳಿಗೆ ಇವು ಮೂರೇ ಸಾಕಾಗುವುದಕ್ಕೆ ಕಾರಣ ಇದೇ.

ಹೊರಟು ಮರಳುವುದು

ಗುಚ್ಛಗಳ ಹೆಸರನ್ನು ತಿಳಿದರೆ ಸಾಲದು, ಅವುಗಳ ಸ್ವಭಾವವನ್ನು ತಿಳಿಯಬೇಕು. ಸಗಪ ಎಂಬುದು ಮನೆ. ಅಲ್ಲಿ ಮನಸ್ಸು ತಂಗುತ್ತದೆ. ಮಧಸ ಎಂಬುದು ಮನೆಯಿಂದ ಹೊರಟು ಅಂಗಳಕ್ಕೆ ಬಂದಂತೆ. ಪನಿರಿ ಎಂಬುದು ಮರಳಿ ಬರುವ ಹಂಬಲ. ಆ ಹಂಬಲಕ್ಕೆ ಕಾರಣವು ನಿಷಾದ. ಕಾಕಲಿ ನಿಷಾದವನ್ನು ಹಾಡಿ ನಿಲ್ಲಿಸಿ ನೋಡಿ, ಮೇಲಿನ ಷಡ್ಜವನ್ನು ಮುಟ್ಟದೆ ಕೊರಳು ಸುಮ್ಮನಿರದು. ಪನಿರಿಗೆ ಮಧ್ಯಮವನ್ನೂ ಸೇರಿಸಿ ಪನಿರಿಮ ಎಂದು ನಾಲ್ಕು ಸ್ವರಗಳನ್ನು ಮಾಡಿದರೆ ಈ ತವಕವು ಇಮ್ಮಡಿಯಾಗುತ್ತದೆ. ನಿಷಾದಕ್ಕೂ ಮಧ್ಯಮಕ್ಕೂ ನಡುವೆ ಒಂದು ಬಗೆಯ ಕಲಹವಿದೆ. ನಿಷಾದವು ಮೇಲಕ್ಕೆ ಷಡ್ಜಕ್ಕೂ ಮಧ್ಯಮವು ಕೆಳಕ್ಕೆ ಗಾಂಧಾರಕ್ಕೂ ಸರಿದಾಗ ಆ ಕಲಹವು ಶಮನವಾಗುತ್ತದೆ. ಎರಡು ಸ್ವರಗಳೂ ಅರ್ಧ ಮೆಟ್ಟಿಲಷ್ಟೇ ಸರಿದವು, ಆದರೆ ಕೇಳುವವನಿಗೆ ಮನೆ ಸೇರಿದಂತಾಯಿತು. ಪಾಶ್ಚಾತ್ಯ ಸ್ವರಮೇಳದ ಜೀವವು ಈ ಚಿಕ್ಕ ಚಲನೆಯಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಸಂಗೀತವಾಕ್ಯಗಳು ಮುಗಿಯುವ ಬಗೆಗೆ ಕೇಡೆನ್ಸ್ ಎಂದು ಹೆಸರು. ಐದನೆಯ ಗುಚ್ಛದಿಂದ ಒಂದನೆಯದಕ್ಕೆ ಬಂದರೆ ಪೂರ್ಣವಿರಾಮ. ಐದರಲ್ಲಿಯೇ ನಿಂತರೆ ಅಲ್ಪವಿರಾಮ. ಮಾತು ಇನ್ನೂ ಉಳಿದಿದೆ ಎಂದರ್ಥ. ನಾಲ್ಕರಿಂದ ಒಂದಕ್ಕೆ ಇಳಿಯುವುದು ಚರ್ಚಿನಲ್ಲಿ ಪ್ರಾರ್ಥನೆಯ ಕೊನೆಗೆ ‘ಆಮೆನ್’ ಎನ್ನುವಾಗ ಕೇಳಿಬರುವ ಶಾಂತವಾದ ಮುಕ್ತಾಯ. ಮಂಗಳೂರಿನ ಕಡೆಯಿಂದ ಬಂದ ನಮ್ಮ ಕ್ರೈಸ್ತ ಬಂಧುಗಳಿಗೆ ಇದು ಬಾಲ್ಯದಿಂದ ಪರಿಚಿತವಾದ ಧ್ವನಿ. ಐದರಿಂದ ಒಂದಕ್ಕೆ ಬರುವಂತೆ ತೋರಿಸಿ ಆರನೆಯ ಗುಚ್ಛವಾದ ಧಸಗಕ್ಕೆ ಸರಿಯುವುದು ಇನ್ನೊಂದು ಬಗೆ; ಚಾಳಿನಲ್ಲಿ ನಮ್ಮ ಮನೆಯೆಂದು ಬಾಗಿಲು ತಟ್ಟಿದರೆ ನೆರೆಮನೆಯವರು ಬಂದು ತೆರೆದಂತೆ! ಈ ನಾಲ್ಕು ಮುಕ್ತಾಯಗಳನ್ನು ಕಣ್ಣು ಮುಚ್ಚಿ ಕೇಳಿ ಗುರುತಿಸಬಲ್ಲ ವಿದ್ಯಾರ್ಥಿಯು ಅರ್ಧ ಪುಸ್ತಕವನ್ನು ಓದಿದವನಿಗೆ ಸಮಾನ.

ಮೈನರ್ ಎಂಬ ಇನ್ನೊಂದು ಬಗೆಯ ಸ್ವರಪಂಕ್ತಿಯಲ್ಲಿ ಮಕ್ಕಳು ಬಹಳವಾಗಿ ತೊಡಕಿಗೆ ಬೀಳುತ್ತಾರೆ. ಪುಸ್ತಕವು ಒಮ್ಮೆ ಏಳನೆಯ ಸ್ವರವನ್ನು ಏರಿಸೆನ್ನುತ್ತದೆ, ಒಮ್ಮೆ ಬಿಡೆನ್ನುತ್ತದೆ. ನಮ್ಮ ಮಾತಿನಲ್ಲಿ ಹೇಳಿದರೆ ತೊಡಕು ಬಿಡುತ್ತದೆ. ಸಹಜವಾದ ಮೈನರ್ ಪಂಕ್ತಿಯು ನಮ್ಮ ನಟಭೈರವಿಯ ಸ್ವರಗಳು. ಆದರೆ ಅಲ್ಲಿಯ ಕೈಶಿಕಿ ನಿಷಾದಕ್ಕೆ ಷಡ್ಜವನ್ನು ಸೇರುವ ತವಕವಿಲ್ಲ. ಮನೆಗೆ ಮರಳುವ ಹಂಬಲ ಬೇಕಾದಾಗ ಅದನ್ನು ಕಾಕಲಿ ನಿಷಾದವಾಗಿ ಏರಿಸಬೇಕು. ಏರಿಸಿದರೆ ದೊರೆಯುವುದು ಕೀರವಾಣಿಯ ಸ್ವರಪಂಕ್ತಿ. ಕಾರಣವು ಕಿವಿಗೆ ತಿಳಿದರೆ ನಿಯಮವನ್ನು ಬಾಯಿಪಾಠ ಮಾಡುವ ಪ್ರಮೇಯವೇ ಇಲ್ಲ.

ಷಡ್ಜವೆಂಬ ಆಧಾರ

ಕಿವಿಯನ್ನು ತಿದ್ದುವುದಕ್ಕೆ ಎರಡು ಕ್ರಮಗಳುಂಟು. ಒಂದರಲ್ಲಿ ಎರಡು ಸ್ವರಗಳನ್ನು ಬಾರಿಸಿ ಅವುಗಳ ಅಂತರವೆಷ್ಟು ಎಂದು ಕೇಳುತ್ತಾರೆ. ಇನ್ನೊಂದರಲ್ಲಿ ಮೊದಲು ಆಧಾರಸ್ವರವನ್ನು ನೆಲೆಗೊಳಿಸಿ, ಬಾರಿಸಿದ ಸ್ವರವು ಆ ಆಧಾರಕ್ಕೆ ಏನಾಗಬೇಕು ಎಂದು ಕೇಳುತ್ತಾರೆ. ಮೊದಲನೆಯದು ಗಜಕಡ್ಡಿಯಿಂದ ಅಳೆದಂತೆ. ಎರಡನೆಯದು ಮನುಷ್ಯನನ್ನು ಬಂಧುತ್ವದಿಂದ ಗುರುತಿಸಿದಂತೆ. ಎರಡೂ ಬೇಕು, ಆದರೆ ಸಂಗೀತವು ನಮ್ಮ ಮನಸ್ಸಿನಲ್ಲಿ ಕೆಲಸ ಮಾಡುವುದು ಎರಡನೆಯ ಬಗೆಯಿಂದ.

ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗೀದೊ ಎಂಬ ಸಂನ್ಯಾಸಿಯು ಒಂದು ಲ್ಯಾಟಿನ್ ಸ್ತೋತ್ರದ ಪಾದಗಳ ಮೊದಲಕ್ಷರಗಳಿಂದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಹೆಸರುಗಳನ್ನು ಆರಿಸಿ ಗಾಯಕರಿಗೆ ಕಲಿಸಿದನು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿಯ ಕ್ರಮವನ್ನು ಜಾನ್ ಕರ್ವೆನ್ ಬೆಳೆಸಿ, ‘ದೊ’ ಎಂಬುದು ಯಾವ ಪಟ್ಟಿಯ ಮೇಲಾದರೂ ಇರಬಹುದು, ಆಧಾರವಾದುದೇ ‘ದೊ’ ಎಂದು ಸಾಮಾನ್ಯ ಜನರಿಗೆ ಹಾಡಲು ಕಲಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಹಂಗೇರಿಯ ಕೊಡಾಯ್ ಅದನ್ನೇ ತನ್ನ ದೇಶದ ಶಾಲೆಗಳ ಸಂಗೀತಶಿಕ್ಷಣಕ್ಕೆ ತಳಹದಿಯಾಗಿ ಮಾಡಿದನು.

ಓದುಗರು ಆಗಲೇ ಊಹಿಸಿರಬಹುದು: ಇದು ನಮಗೆ ಹೊಸದೇ ಅಲ್ಲ. ನಮ್ಮ ಷಡ್ಜವು ಗಾಯಕನ ಕಂಠಕ್ಕೆ ತಕ್ಕಂತೆ ಕರಿ ಒಂದಾದರೂ ಆಗಬಹುದು, ಬಿಳಿ ಐದಾದರೂ ಆಗಬಹುದು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಹೇಳುವ ಸರಳೆ, ಜಂಟಿವರಸೆಗಳನ್ನು ಹಾಡಿದ ಮಗುವಿಗೆ ಗಾಂಧಾರವೆಂದರೆ ಇಂಥ ಪಟ್ಟಿಯಲ್ಲ, ಷಡ್ಜದಿಂದ ಕೇಳಿದಾಗ ಮೂಡುವ ಒಂದು ಮುಖ. ಯಾವ ಕ್ರಮವನ್ನು ಇತರ ದೇಶಗಳವರು ಯತ್ನಪೂರ್ವಕವಾಗಿ ಶಾಲೆಗೆ ತಂದರೋ ಅದು ನಮ್ಮ ಮನೆಗಳಲ್ಲಿ ಚಾಪೆಯ ಮೇಲೆ ಕುಳಿತು ಕಲಿತ ಮೊದಲ ಪಾಠ. ಆದರೆ ಪಾಶ್ಚಾತ್ಯ ವಾದ್ಯವನ್ನು ಕಲಿಯಲು ಹೊರಟ ಮಗುವಿಗೆ ಆ ಪಾಠವನ್ನು ಬದಿಗಿಟ್ಟು ಎ, ಬಿ, ಸಿ ಎಂಬ ಅಕ್ಷರಗಳನ್ನೇ ಹಿಡಿಯಬೇಕೆಂದು ನಾವು ಹೇಳುತ್ತೇವೆ. ಕೈಯಲ್ಲಿದ್ದ ಬುತ್ತಿಯನ್ನು ಎಸೆದು ದಾರಿಯಲ್ಲಿ ಹಸಿದಂತೆ ಇದು. ಪಟ್ಟಿಯನ್ನು ಗುರುತಿಸಲು ಅಕ್ಷರ ಬೇಕು, ನಿಜ. ಕೇಳಿ ಅರ್ಥಮಾಡಿಕೊಳ್ಳಲು ಸರಿಗಮವನ್ನು ಬಿಡಕೂಡದು.

ನಮ್ಮವರು ಎಡವುವ ಕಡೆ

ಹಾಗೆಂದು ಎಲ್ಲವೂ ಬಂದೇಬಿಟ್ಟಿದೆ ಎಂದು ಬೀಗುವಂತಿಲ್ಲ. ನಮ್ಮ ಕಿವಿಗೆ ಮೂರು ಕಡೆ ಹೊಸ ಶ್ರಮವಿದೆ.

ಮೊದಲನೆಯದು ಕೆಳಗಿನ ಧ್ವನಿಯನ್ನು ಕೇಳುವುದು. ಒಂದೇ ಎಳೆಯ ಗಾನಕ್ಕೆ ಒಗ್ಗಿದ ನಾವು ಮೇಲೆ ತೇಲುವ ಧಾಟಿಯನ್ನು ಹಿಡಿದು ಉಳಿದುದನ್ನು ಬಿಡುತ್ತೇವೆ. ಆದರೆ ಗುಚ್ಛವು ಯಾವುದೆಂದು ಹೇಳುವುದರಲ್ಲಿ ತಳದಲ್ಲಿ ನಡೆಯುವ ಮಂದ್ರಧ್ವನಿಗೆ ಮುಖ್ಯ ಪಾತ್ರವಿದೆ. ಲೋಕಲ್ ಗಾಡಿಯಲ್ಲಿ ನೂರು ಜನರ ಮಾತಿನ ಕೆಳಗೆ ಚಕ್ರಗಳ ತಾಳವು ಸದಾ ಇರುತ್ತದೆ. ಗಮನವಿಟ್ಟರೆ ಮಾತ್ರ ಕೇಳುತ್ತದೆ. ಮಂದ್ರಧ್ವನಿಯೂ ಹಾಗೆಯೇ.

ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಷಡ್ಜವು ಎಂದೆಂದಿಗೂ ಷಡ್ಜವೇ. ಸ್ವರಮೇಳದಲ್ಲಿ ಅದೇ ಷಡ್ಜದ ಅರ್ಥವು ಕೆಳಗಿನ ಗುಚ್ಛದಿಂದ ಬದಲಾಗುತ್ತದೆ. ಮೇಲಿನ ಷಡ್ಜವನ್ನು ಬಿಡದೆ ಹಾಡುತ್ತ ಹಾರ್ಮೋನಿಯಂ ಮೇಲೆ ಕ್ರಮವಾಗಿ ಸಗಪ, ಮಧಸ, ಧಸಗ ಒತ್ತಿರಿ. ಮೊದಲನೆಯದರಲ್ಲಿ ಷಡ್ಜವು ಯಜಮಾನ. ಎರಡನೆಯದರಲ್ಲಿ ಮಧ್ಯಮಕ್ಕೆ ಪಂಚಮವಾಗಿ ನಿಲ್ಲುತ್ತದೆ. ಮೂರನೆಯದರಲ್ಲಿ ಧೈವತಕ್ಕೆ ಗಾಂಧಾರವಾಗಿ ಕೊಂಚ ಮ್ಲಾನವಾಗುತ್ತದೆ. ಸ್ವರ ಒಂದೇ, ಬಣ್ಣ ಮೂರು. ಈ ಅನುಭವವು ಆದ ದಿನ ವಿದ್ಯಾರ್ಥಿಗೆ ಸ್ವರಮೇಳದ ಬಾಗಿಲು ತೆರೆಯಿತೆಂದು ತಿಳಿಯಬಹುದು. ಮುಂದೆ ಆಧಾರವೇ ಸ್ಥಳಾಂತರವಾಗುವ ಪ್ರಸಂಗವೂ ಬರುತ್ತದೆ. ಶುದ್ಧ ಮಧ್ಯಮದ ಸ್ಥಾನದಲ್ಲಿ ಪ್ರತಿಮಧ್ಯಮವು ಕಾಣಿಸಿಕೊಂಡು ಪಂಚಮಕ್ಕೆ ಏರುತ್ತದೆ. ಆ ಪ್ರತಿಮಧ್ಯಮವೇ ಹೊಸ ನಿಷಾದವಾಗಿ, ಪಂಚಮವು ಹೊಸ ಷಡ್ಜವಾಗಿ ಬಿಡುತ್ತದೆ. ಗ್ರಹಭೇದವನ್ನು ಬಲ್ಲವರಿಗೆ ಇದು ದೂರದ ನೆಂಟನಂತೆ ಕಾಣುವುದು.

ಮೂರನೆಯದು ಶ್ರುತಿಯ ವಿಷಯ. ತಂಬೂರಿಯ ಜೀವಾಳವು ಸರಿಯಾಗಿ ಕುಳಿತರೆ ಮಂದ್ರದ ತಂತಿಯಿಂದ ತಾನಾಗಿಯೇ ಒಂದು ಗಾಂಧಾರವು ಹೊಮ್ಮುತ್ತದೆ. ಸ್ವಯಂಭೂ ಗಾಂಧಾರವೆಂದು ಅದನ್ನು ಹಿರಿಯರು ಆದರಿಸಿದರು. ಸಗಪ ಎಂಬ ಗೊಂಚಲು ನಾದದ ಒಡಲಿನಲ್ಲಿಯೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಪಿಯಾನೊ, ಕೀಬೋರ್ಡುಗಳಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ್ದಾರೆ. ಸಪ್ತಕಕ್ಕೆ ೧೨೦೦ ಸೆಂಟುಗಳೆಂದು ಎಣಿಸಿದರೆ ತಂಬೂರಿಯ ಗಾಂಧಾರವು ಸುಮಾರು ೩೮೬ರಲ್ಲಿದೆ, ಕೀಬೋರ್ಡಿನದು ೪೦೦ರಲ್ಲಿದೆ. ಪಂಚಮದಲ್ಲಿ ಮಾತ್ರ ೭೦೨ಕ್ಕೆ ೭೦೦, ಅಂದರೆ ಎರಡೇ ಸೆಂಟಿನ ಕೊರತೆ. ಎಲ್ಲ ಸ್ವರಗಳನ್ನೂ ಆಧಾರವಾಗಿ ಮಾಡಿಕೊಳ್ಳುವ ಸೌಕರ್ಯಕ್ಕಾಗಿ ತೆತ್ತ ಬೆಲೆ ಇದು. ಹಾರ್ಮೋನಿಯಂ ಅನ್ನು ೧೯೪೦ರಿಂದ ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿಯು ಹೊರಗಿಟ್ಟುದಕ್ಕೆ ಹೇಳಲಾದ ಕಾರಣಗಳಲ್ಲಿ ಅದರ ಸ್ಥಿರಶ್ರುತಿಯೂ ಒಂದು. ಆದಕಾರಣ ಗುಚ್ಛಗಳನ್ನು ವಾದ್ಯದ ಮೇಲೆ ಗುರುತಿಸಲು ಕಲಿಯುವ ಮಗುವು ವಾರಕ್ಕೆ ಕೆಲವು ದಿನವಾದರೂ ತಂಬೂರಿಯೊಡನೆ ಹಾಡುತ್ತಿರಲಿ. ಶುದ್ಧವಾದುದನ್ನು ಮರೆತ ಕಿವಿಯು ತಿದ್ದಿದ ಕಿವಿಯಾಗದು.

ದಿನದ ಅಭ್ಯಾಸ

ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲು ಗುಚ್ಛಗಳನ್ನು ಬಿಡಿಸಿ ಹಾಡಬೇಕು: ಸಗಪಗಸ, ಮಧಸಧಮ, ಪನಿರಿನಿಪ, ಮತ್ತೆ ಸಗಪಗಸ. ಜಂಟಿವರಸೆ ಹಾಡಿದ ಕಂಠಕ್ಕೆ ಇದು ಕಷ್ಟವಲ್ಲ. ಗಮಕವಿಲ್ಲದೆ ನೆಟ್ಟಗೆ ಹಾಡುವುದು ಮಾತ್ರ ಆರಂಭದಲ್ಲಿ ಸಪ್ಪೆಯೆನಿಸಬಹುದು. ಸ್ವರಗಳು ಒಂದರೊಡನೊಂದು ಬೆರೆಯಬೇಕಾದರೆ ಅವು ಅಲುಗದೆ ನಿಲ್ಲಬೇಕು.

ಬಳಿಕ ಗುಚ್ಛಗಳನ್ನು ಕೈಯಿಂದ ಬಾರಿಸುತ್ತ ತಳದ ಸ್ವರವನ್ನು ಮಾತ್ರ ಹಾಡಬೇಕು: ಸ, ಮ, ಪ, ಸ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಕಾಣದಂತೆ ಬಾರಿಸಲಿ, ವಿದ್ಯಾರ್ಥಿಯು ತಳದ ಸ್ವರವನ್ನು ಹಾಡಿ ಗುಚ್ಛವನ್ನು ಹೆಸರಿಸಲಿ. ಅಕ್ಕ ಷಡ್ಜವನ್ನು, ತಮ್ಮ ಗಾಂಧಾರವನ್ನು, ತಾಯಿ ಪಂಚಮವನ್ನು ಹಿಡಿದರೆ ಮೂವರೇ ಒಂದು ಪಾಠಶಾಲೆ. ಪಕ್ಕದವರ ಸ್ವರಕ್ಕೆ ಜಾರದೆ ತನ್ನ ಸ್ವರದಲ್ಲಿ ನಿಲ್ಲುವುದು ಎಷ್ಟು ಕಠಿಣವೆಂಬುದು ಹಾಡಿದವರಿಗೇ ಗೊತ್ತು.

ಮೂರನೆಯದಾಗಿ ತಿಳಿದ ಹಾಡಿಗೆ ಗುಚ್ಛಗಳನ್ನು ಹುಡುಕಬೇಕು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ಶಂಕರಾಭರಣದ ಸ್ವರಗಳಲ್ಲಿ ರಚಿಸಿದ ನೋಟುಸ್ವರಗಳನ್ನು ನಮ್ಮ ಮಕ್ಕಳು ಹಾಡುತ್ತಲೇ ಇದ್ದಾರೆ. ಆ ಧಾಟಿಗಳು ಹುಟ್ಟಿದ್ದೇ ಸ್ವರಮೇಳದ ನೆಲದಲ್ಲಿ. ಮೂರು ಗುಚ್ಛಗಳು ಅವುಗಳ ಕೆಳಗೆ ತಾವಾಗಿ ಬಂದು ಕುಳಿತುಕೊಳ್ಳುತ್ತವೆ. ಪ್ರಾರಂಭಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಇಷ್ಟಾದ ಮೇಲೆ ಲೇಖನಿಯ ಸರದಿ. ನಾಲ್ಕು ಧ್ವನಿಗಳಲ್ಲಿ ಬರೆಯುವುದಕ್ಕೆ ಬಾಖನ ಕೋರಾಲ್‌ಗಳೆಂಬ ಚರ್ಚ್‌ಗೀತೆಗಳೇ ಮೇಲ್ಪಂಕ್ತಿ. ಅವನು ೧೭೫೦ರಲ್ಲಿ ತೀರಿಕೊಂಡ ಬಳಿಕ ೧೭೮೪ರಿಂದ ೧೭೮೭ರವರೆಗೆ ಅಚ್ಚಾದ ಸಂಗ್ರಹದಲ್ಲಿ ಇಂಥವು ೩೭೧ ಇವೆ. ಎರಡು ಧ್ವನಿಗಳು ಪಂಚಮದ ಅಂತರದಲ್ಲಿ ಜೊತೆಜೊತೆಯಾಗಿ ಸರಿಯಕೂಡದೆಂಬ ಪ್ರಸಿದ್ಧ ನಿಷೇಧವನ್ನು ವಿದ್ಯಾರ್ಥಿಗಳು ಶಾಪದಂತೆ ಭಾವಿಸುತ್ತಾರೆ. ಹಾರ್ಮೋನಿಯಂ ಮೇಲೆ ಸಪ, ರಿಧ, ಗನಿ ಎಂದು ಒತ್ತಿ ಕೇಳಲಿ: ಎರಡು ಧ್ವನಿಗಳಿದ್ದೂ ಒಂದೇ ಧ್ವನಿಯು ದಪ್ಪವಾದಂತೆ ಕೇಳುತ್ತದೆ. ನಾಲ್ವರು ಹಾಡುವಲ್ಲಿ ಒಬ್ಬನು ಇನ್ನೊಬ್ಬನ ನೆರಳಾಗಬಾರದು ಎಂಬುದೇ ನಿಯಮದ ಆಶಯ.

ಅಂಕ ಮತ್ತು ವಿದ್ಯೆ

ನಮ್ಮ ಮಕ್ಕಳಲ್ಲಿ ಹಲವರು ಲಂಡನ್ನಿನ ಅಸೋಸಿಯೇಟೆಡ್ ಬೋರ್ಡ್, ಟ್ರಿನಿಟಿ ಕಾಲೇಜುಗಳ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಬೋರ್ಡಿನ ಪ್ರಾಯೋಗಿಕ ಪರೀಕ್ಷೆಯ ೧೫೦ ಅಂಕಗಳಲ್ಲಿ ಕಿವಿಯ ಪರೀಕ್ಷೆಗೆ ಇರುವುದು ೧೮. ೨೦೨೦ರಲ್ಲಿ ಆರಂಭವಾದ ವಾದನಪ್ರಧಾನ ಪರೀಕ್ಷೆಯಲ್ಲಿ ಪ್ರತ್ಯೇಕವಾದ ಕಿವಿಯ ಪರೀಕ್ಷೆಯೇ ಇಲ್ಲ. ಆದಕಾರಣ ಕಿವಿಯ ಪಾಠವನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ತಳ್ಳುವ ಪ್ರಲೋಭನೆಯು ಸ್ವಾಭಾವಿಕ. ಪ್ರಮಾಣಪತ್ರವು ಗೋಡೆಗೆ ಶೋಭೆ. ಆದರೆ ಹದಿನೆಂಟು ಅಂಕಗಳ ಆ ಚಿಕ್ಕ ಭಾಗದಲ್ಲಿಯೇ ಉಳಿದ ನೂರ ಮೂವತ್ತೆರಡರ ಅರ್ಥವು ಅಡಗಿದೆ. ಮೊಬೈಲಿನಲ್ಲಿ ಸ್ವರಾಂತರಗಳನ್ನು ಕೇಳಿಸಿ ಉತ್ತರ ಬೇಡುವ ಸಾಧನಗಳೂ ಇಂದು ಸುಲಭವಾಗಿವೆ. ಅವು ತಾಲೀಮಿಗೆ ಒಳ್ಳೆಯವು. ಆದರೆ ಹಾಡದೆ ಬೆರಳಿನಿಂದ ಉತ್ತರವನ್ನು ಒತ್ತುವ ಅಭ್ಯಾಸವು ಊಹೆಯನ್ನು ಬೆಳೆಸುವಷ್ಟು ಕಿವಿಯನ್ನು ಬೆಳೆಸದು. ಕೊರಳಿಗೆ ಬಂದುದೇ ಕಿವಿಗೆ ಬಂದುದು.

ನಮ್ಮ ಸಂಗೀತ ಕೆಡುವುದೆ?

ಸ್ವರಮೇಳದ ಸಹವಾಸದಿಂದ ರಾಗಜ್ಞಾನವು ಮಂಕಾಗುವುದೆಂದು ಹಿರಿಯರಲ್ಲಿ ಕೆಲವರು ಶಂಕಿಸುತ್ತಾರೆ. ಶಂಕೆಯು ನಿರಾಧಾರವಲ್ಲ. ತೋಡಿಯ ಗಾಂಧಾರಕ್ಕೆ ಗುಚ್ಛವೊಂದನ್ನು ಕಟ್ಟಿದರೆ ಆ ಗಾಂಧಾರದ ಪ್ರಾಣವಾದ ಕಂಪನಕ್ಕೆ ಎಡೆಯೆಲ್ಲಿ? ಎಲ್ಲ ರಾಗಗಳ ಕೆಳಗೂ ಗುಚ್ಛಗಳನ್ನು ತುರುಕುವುದು ವಿವೇಕವಲ್ಲ. ಆದರೆ ಎರಡು ವಿದ್ಯೆಗಳು ಒಂದೇ ಮನಸ್ಸಿನಲ್ಲಿ ವೈರವಿಲ್ಲದೆ ನೆಲೆಸಬಲ್ಲವು ಎಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊವನ್ನು ಶ್ರದ್ಧೆಯಿಂದ ಕಲಿತು ೧೯೪೫ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದರು. ೧೯೪೮ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. ರಷ್ಯದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಅದೇ ಒಡೆಯರು ಕರ್ಣಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು.

ಅರಮನೆಯ ಮಾತು ನಮಗೆ ದೂರವೆನಿಸಿದರೆ ಮುಂಬಯಿಯ ಚಿತ್ರಸಂಗೀತವನ್ನೇ ನೋಡಬಹುದು. ಗೋವೆಯ ಚರ್ಚ್‌ಶಾಲೆಗಳಲ್ಲಿ ಬಾಲ್ಯದಲ್ಲಿಯೇ ಸ್ವರಗಳನ್ನು ನೋಡಿ ಹಾಡಲು ಕಲಿತ ಬಡ ಮಕ್ಕಳು ಮುಂದೆ ಈ ನಗರದ ಸ್ಟುಡಿಯೋಗಳಲ್ಲಿ ವಾದ್ಯವೃಂದಕ್ಕೆ ಬೆನ್ನೆಲುಬಾದರು. ಶಂಕರ್-ಜೈಕಿಶನ್ನರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿ’ಸೋಜಾ, ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಟನಿ ಗೊನ್ಸಾಲ್ವಿಸ್ ಮೊದಲಾದವರು ರಾಗದ ಮೇಲಿನ ಎಳೆಗೆ ಕೆಳಗಿನ ನೇಯ್ಗೆಯನ್ನು ಒದಗಿಸಿದರು. ನಾವು ಗುನುಗುವ ಎಷ್ಟೋ ಹಳೆಯ ಹಾಡುಗಳ ಸೊಗಸಿನಲ್ಲಿ, ನಾವು ಗಮನಿಸದೆ ಬಿಟ್ಟ ಆ ನೇಯ್ಗೆಯ ಪಾಲು ದೊಡ್ಡದು. ಆ ವಿದ್ಯೆಯು ಅವರಿಗೆ ಹೊಟ್ಟೆಗೆ ಅನ್ನವನ್ನೂ ಕೊಟ್ಟಿತು, ನಾಡಿಗೆ ಹಾಡನ್ನೂ ಕೊಟ್ಟಿತು.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗುವಿಗೆ ಪಾಶ್ಚಾತ್ಯ ವಾದ್ಯವನ್ನು ಕಲಿಸುವುದಾದರೆ ಕಲಿಸಿರಿ. ಆದರೆ ಮನೆಯ ಸರಿಗಮವನ್ನು ನಿಲ್ಲಿಸಬೇಡಿರಿ. ಶಿಕ್ಷಕರನ್ನು ಆರಿಸುವಾಗ ಎಷ್ಟು ಮಕ್ಕಳು ತೇರ್ಗಡೆಯಾದರೆಂದು ಕೇಳುವ ಜೊತೆಗೆ, ಪಾಠದಲ್ಲಿ ಮಕ್ಕಳು ಹಾಡುತ್ತಾರೆಯೇ ಎಂದು ಒಂದು ಮಾತು ಕೇಳಿರಿ. ಪುಸ್ತಕದ ನಿಯಮಗಳು ಮರೆತುಹೋಗಬಹುದು, ಬೆರಳುಗಳು ವಯಸ್ಸಿನೊಡನೆ ಬಿಗಿಯಾಗಬಹುದು; ಚೆನ್ನಾಗಿ ತಿದ್ದಿದ ಕಿವಿಯು ಮಾತ್ರ ಬಾಳಿನುದ್ದಕ್ಕೂ ಜೊತೆಗೆ ಬರುತ್ತದೆ.